ಎಳೆದ ಧೂಳು ಎಲ್ಲಿ ಹೋಯಿತು

ಆರ್ಡಿತ್ ಡೈಕ್‌ಹೌಸ್‌ಗೆ ಅಂಟಿಕೊಂಡಿದ್ದ ಕೆಮ್ಮು ಭಾನುವಾರದ ಉದ್ದನೆಯ ಪ್ರಾರ್ಥನೆಗೇ ಹೊಂಚುಹಾಕಿ ಕೂತಿರುತ್ತಿತ್ತು. ಇಡೀ ಚರ್ಚು ತಲೆ ತಗ್ಗಿಸಿ ಕಣ್ಣು ಮುಚ್ಚಿದ್ದೇ ತಡ, ಎದೆಯ ಬುಡದಿಂದ ಎದ್ದು ಬಂದು ಆಮೆನ್ ಅನ್ನುವವರೆಗೂ ಬಿಡುತ್ತಿರಲಿಲ್ಲ. ಹಿಂದಿನ ಬೆಂಚಿನಿಂದಲೂ ಮುಂದಿನ ಬೆಂಚಿನಿಂದಲೂ ಪೆಪ್ಪರ್‌ಮಿಂಟ್ ಹಿಡಿದ ಕೈಗಳು ಕಣ್ಣು ಮುಚ್ಚಿಕೊಂಡೇ ಅವಳತ್ತ ಚಾಚುತ್ತಿದ್ದವು. ಮಿಷಿಗನ್ನಿನ ಆ ಮೂಲೆಯ ಡಚ್ ಸಂತತಿಗೆ ಹೆರಿಗೆಯಿಂದ ಹಿಡಿದು ಹೆಣ ಎತ್ತುವತನಕ ಎಲ್ಲಕ್ಕೂ ಪೆಪ್ಪರ್‌ಮಿಂಟೇ ಮೊದಲ ಮದ್ದು. ಆರ್ಡಿತ್ ಅದನ್ನು ಇಸಿದುಕೊಂಡು ಬಾಯಿಗೆ ಹಾಕಿ, ಕೊಟ್ಟವರನ್ನು ಮನಸ್ಸಿನಲ್ಲೇ ಬೈದು, ಮತ್ತೆ ಕೆಮ್ಮುತ್ತಿದ್ದಳು.

ಬೈಯುವುದು ಅವಳ ಹುಟ್ಟುಗುಣ. ಅರವತ್ನಾಲ್ಕು ವರ್ಷದಲ್ಲಿ ಅವಳ ಬಾಯಿಂದ ಪಾರಾದ ಗಂಡಸು ಅವರ ಊರು ಜೀಲೆಂಡ್‌ನಲ್ಲಿ ಒಬ್ಬನೂ ಇರಲಿಲ್ಲ. ಹೆಂಗಸರಲ್ಲಿ ಇಬ್ಬರು ಮೂವರು ಇದ್ದರು, ಅವರು ಸತ್ತುಹೋಗಿದ್ದರು. ಆದರೆ ಹಾಡಲು ನಿಂತಳೆಂದರೆ ಅದೇ ಬಾಯಿಂದ ಬೇರೆಯೇ ಹೆಂಗಸೊಬ್ಬಳು ಹೊರಗೆ ಬರುತ್ತಿದ್ದಳು. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕೆಳದನಿಯ ಸಾಲು ಅವಳದು. ಡಿಸೆಂಬರಿನ ಎರಡನೆಯ ಭಾನುವಾರ ಸಂಜೆ ಕ್ರಿಸ್‌ಮಸ್ ಹಾಡುಗಳ ನಡುವೆ ಎಂಟು ಸಾಲು ಬರುತ್ತವೆ, ಮಿಕ್ಕವರೆಲ್ಲ ಸುಮ್ಮನಾಗಿ ಒಬ್ಬಳೇ ಹಾಡಬೇಕು. ಆ ಎಂಟು ಸಾಲು ಕೂಡ ಅವಳದೇ. ವರ್ಷವೆಲ್ಲ ಅವಳು ಸಹಿಸಿಕೊಂಡಿದ್ದ ಪಾತ್ರೆ, ಬಟ್ಟೆ, ನೆಂಟರು, ಸೊಂಟನೋವು, ಇವೆಲ್ಲ ಆ ಎಂಟು ಸಾಲಿಗೋಸ್ಕರ ಎಂದರೂ ತಪ್ಪಿಲ್ಲ.

ಅಕ್ಟೋಬರಿನ ಮೊದಲ ಅಭ್ಯಾಸದ ದಿನ ಅವಳು ಮೂರನೆಯ ಸಾಲಿಗೇ ಕೆಮ್ಮಿ ಬಗ್ಗಿದಳು. ಹಾಡು ಕಲಿಸುವ ನೆಲ್ವಿನಾ ಬೂರ್ಸ್‌ಮಾ ಅವಳನ್ನು ಪಕ್ಕಕ್ಕೆ ಕರೆದು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ವಿಷಯ ಹೇಳಿದಳು. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದೊಳಗೆ ಕೆಮ್ಮು ಹೋದರೆ ಸರಿ, ಇಲ್ಲದಿದ್ದರೆ ಈ ವರ್ಷದ ಮಟ್ಟಿಗೆ ಆ ಎಂಟು ಸಾಲನ್ನು ಗುಂಪಿನಲ್ಲಿ ಅವಳ ಪಕ್ಕ ನಿಲ್ಲುವ ವಿಲ್ಮಾ ಹಾಡಲಿ. ವಿಲ್ಮಾಳ ದನಿ ತುಕ್ಕು ಹಿಡಿದ ಬಾಗಿಲಿನದು ಎಂದು ಆರ್ಡಿತ್ ಹೇಳಬೇಕೆಂದಿದ್ದಳು, ಅಷ್ಟರಲ್ಲಿ ಮತ್ತೆ ಕೆಮ್ಮು ಬಂತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಎಕ್ಸ್‌ರೇ ಚಿತ್ರ ತೆಗೆಸಿ, ಮನೆಯಲ್ಲಿ ಯಾರು ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಮರದ ಕೆಲಸ ಎಂದ ಕೂಡಲೇ ತಲೆಯಾಡಿಸಿದರು. ಆರ್ಡಿತ್‌ಳ ಗಂಡ ಮಾರ್ವಿನ್ ಮೂವತ್ತನಾಲ್ಕು ವರ್ಷ ಊರಿನ ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದು, ನಿವೃತ್ತನಾದ ಮಾರನೆಯ ದಿನವೇ ಮನೆಯ ನೆಲಮಾಳಿಗೆಯಲ್ಲಿ ಗರಗಸ ಹೂಡಿದವನು. ಚರ್ಚಿನಲ್ಲಿ ದೀಕ್ಷಾಸ್ನಾನವಾಗುವ ಪ್ರತಿ ಮಗುವಿಗೂ ಅದರ ಹೆಸರು ಕೊರೆದ ಒಂದು ಪುಟ್ಟ ಮೆಟ್ಟುಮಣೆ ಮಾಡಿಕೊಡುತ್ತಿದ್ದ. ಮಗು ಬೆಳೆದು ಅದರ ಮೇಲೆ ಹತ್ತಿ ಹಲ್ಲುಜ್ಜುತ್ತದೆ. ಊರಿನಲ್ಲಿ ಅಂಥ ಮಣೆಗಳು ನಲವತ್ತರ ಮೇಲಿದ್ದವು, ವರ್ಷ ಮುಗಿಯುವುದರೊಳಗೆ ಇನ್ನೂ ಮೂರು ಆಗಬೇಕಿತ್ತು. ಧೂಳು ನಿಲ್ಲಬೇಕು, ಇಲ್ಲವೇ ಕೆಲಸ ನಿಲ್ಲಬೇಕು ಎಂದರು ಡಾಕ್ಟರು. ಹೀಗೇ ಬಿಟ್ಟರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತದೆ, ಕಟ್ಟಿದ ಕಲೆ ಮತ್ತೆ ಹೋಗುವುದಿಲ್ಲ ಎಂದೂ ಹೇಳಿದರು.

ಮನೆ ಮುಂದೆ ಕಾರು ನಿಲ್ಲಿಸಿದ ಮೇಲೆ ಮಾರ್ವಿನ್ ಸ್ಟೀರಿಂಗ್ ಚಕ್ರ ಹಿಡಿದುಕೊಂಡೇ, "ಧೂಳು ಎಳೆಯೋ ಒಳ್ಳೇ ವ್ಯಾಕ್ಯೂಮ್ ಒಂದು ತರೋಣ" ಎಂದ.

ಒಳ್ಳೆಯ ಮಾತೇ. ಆದರೆ ಗಂಡಸರು ಒಂದು ಯಂತ್ರ ಕೊಳ್ಳುವುದೆಂದರೆ ಹೆಣ್ಣು ಹುಡುಕಿದ ಹಾಗೆ, ಊರೆಲ್ಲ ಸೇರಬೇಕು. ಮಾರ್ವಿನ್ ಕಂಪ್ಯೂಟರಿನ ಮುಂದೆ ಕೂತು ಮುಖವನ್ನೇ ಕಂಡಿರದ ಬಡಗಿಗಳ ಜಗಳವನ್ನು ಓದತೊಡಗಿದ. ಒಬ್ಬ ನೀಲಿ ಯಂತ್ರವೇ ಯಂತ್ರ ಅನ್ನುತ್ತಿದ್ದ, ಇನ್ನೊಬ್ಬ ನೀಲಿ ತಂದವನಿಗೆ ತಲೆಯಿಲ್ಲ ಅನ್ನುತ್ತಿದ್ದ. ಯಾರಿಗೂ ಮರ ಕೊಯ್ಯುವ ಪುರುಸೊತ್ತು ಇದ್ದಂತೆ ಕಾಣಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಇವರು ಕೆತ್ತುವುದಕ್ಕೂ ಹೋಗದೆ ಅದಕ್ಕೆ ಯಾವ ಉಳಿ ಒಳ್ಳೆಯದೆಂದು ಹೊಡೆದಾಡುತ್ತಿದ್ದರು.

ಗುರುವಾರ ಬೆಳಿಗ್ಗೆ ಬೇಕರಿಯಲ್ಲಿ ಕಾಫಿಗೆ ಸೇರುವ ಕಾರ್ಖಾನೆಯ ಹಳೆಯ ಪಟಾಲಂ ಬೇರೆ ಇತ್ತು. ಅದರ ಮುಂದಾಳು ಲೋರೆನ್ ಟಿಗೆಲಾರ್, ಆರ್ಡಿತ್‌ಳ ತಂಗಿಯ ಗಂಡ. ಅವನ ಬಳಿ ಆರೂವರೆ ಅಶ್ವಶಕ್ತಿ ಎಂದು ಚೀಟಿ ಅಂಟಿಸಿದ ಪೀಪಾಯಿಯಂಥ ಯಂತ್ರವಿತ್ತು. ಆ ಚೀಟಿಯನ್ನು ಅವನು ಇನ್ನೂ ಕಿತ್ತಿರಲಿಲ್ಲ, ಯಾರಾದರೂ ಬಂದರೆ ಕಾಣಲಿ ಎಂದು ಪೀಪಾಯಿಯನ್ನು ಆ ಕಡೆಗೇ ತಿರುಗಿಸಿ ಇಡುತ್ತಿದ್ದ. ಒಂದು ಶನಿವಾರ ಅವನೇ ಮನೆಗೆ ಬಂದು, ಎಳೆತ ಇದ್ದರೆ ಎಲ್ಲ ಇದ್ದಂತೆ, ತನ್ನದು ಬೌಲಿಂಗ್ ಚೆಂಡನ್ನೂ ಎತ್ತುತ್ತದೆ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟ.

ಆರ್ಡಿತ್ ಆಗ ಅದೇ ಕೋಣೆಯ ನೆಲಹಾಸಿನ ಮೇಲೆ ವ್ಯಾಕ್ಯೂಮ್ ಎಳೆಯುತ್ತಿದ್ದಳು. ನಲವತ್ತೊಂದು ವರ್ಷದಿಂದ ಪ್ರತಿ ಶನಿವಾರ ಎಳೆಯುತ್ತಿದ್ದಳು. ಕಾಲೆತ್ತು ಎಂದರೆ ಇಬ್ಬರೂ ಕಾಲೆತ್ತುತ್ತಿದ್ದರು, ಇಳಿಸು ಎಂದರೆ ಇಳಿಸುತ್ತಿದ್ದರು, ನಡುವೆ ಎಳೆತದ ಮಾತಾಡುತ್ತಿದ್ದರು. ಜನ್ಮದಲ್ಲಿ ಒಂದು ಧೂಳಿನ ಚೀಲ ಬದಲಾಯಿಸದ ಎರಡು ಪ್ರಾಣಿಗಳು ಈ ವಿಷಯದಲ್ಲಿ ಪಂಡಿತರಾಗಿದ್ದವು, ಆದರೆ ಎದುರಿಗೇ ಯಂತ್ರ ಹಿಡಿದು ನಿಂತವಳನ್ನು ಒಂದು ಮಾತು ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಅವಳು ಗುಂಡಿ ಒತ್ತಿ ನಿಲ್ಲಿಸಿದಳು.

"ಲೋರೆನ್, ನಿನ್ನ ಪೀಪಾಯಿ ಎಳೆದ ಗಾಳಿ ಎಲ್ಲಿಗೆ ಹೋಗುತ್ತೆ?"

ಹಿಂದಿನಿಂದ ಹೊರಗೆ ಹೋಗುತ್ತೆ, ಇನ್ನೆಲ್ಲಿಗೆ ಎಂದ ಲೋರೆನ್.

"ಅದರ ಜೊತೆ ಸಣ್ಣ ಧೂಳೂ ಹೋಗುತ್ತೆ. ದಪ್ಪಗಿರೋದು ಪೀಪಾಯೀಲಿ ಉಳಿಯುತ್ತೆ, ಅದರಿಂದ ಯಾರಿಗೂ ಕೆಮ್ಮು ಬರಲ್ಲ. ಹಿಟ್ಟಿನಂಥದ್ದು ಹಿಂದಿನಿಂದ ಬಂದು ನನ್ನ ಎದೆಗೆ ಕೂರುತ್ತೆ. ನಿನ್ನ ಆರೂವರೆ ಕುದುರೆ ಸೇರಿ ನೆಲದ ಧೂಳನ್ನ ಗಾಳಿಗೆ ಹತ್ತಿಸ್ತವೆ, ಅಷ್ಟೇ. ಅಷ್ಟು ಕುದುರೆ ನಿನ್ನ ಗೋಡೆಯ ಪ್ಲಗ್ಗಿನ ಕರೆಂಟಲ್ಲೇ ಇಲ್ಲ."

ಲೋರೆನ್ ನಕ್ಕ. ಆರ್ಡಿತ್‌ಗೆ ಕೆಮ್ಮು ತಲೆಗೇರಿದೆ ಎಂಬರ್ಥದ ನಗು ಅದು. ಮಾರ್ವಿನ್ ನಗಲಿಲ್ಲ. ಅವನು ಮೆದು ಮನುಷ್ಯ, ಅವಳು ಹೇಳಿದ್ದು ಸರಿಯಿರಬಹುದು ಅನ್ನಿಸಿದರೆ ಕಾಲಬುಡ ನೋಡುತ್ತಾನೆ. ಈಗ ಕಾಲಬುಡ ನೋಡುತ್ತಿದ್ದ.

ಮುಂದಿನ ವಾರ ಇಬ್ಬರೂ ಪೇಟೆಯ ಉಪಕರಣದ ಅಂಗಡಿಗೆ ಹೋದರು. ಅಲ್ಲಿನ ಮಾರಾಟಗಾರ ಐವತ್ತರ ಆಸುಪಾಸಿನವನು, ಮೂಗಿನ ತುದಿಯಲ್ಲಿ ಕನ್ನಡಕ. ಅವಳತ್ತ ತಿರುಗಿಯೂ ನೋಡದೆ ಮಾರ್ವಿನ್‌ನನ್ನು ಕೆಂಪು, ಹಳದಿ, ಕಪ್ಪು ಪೀಪಾಯಿಗಳ ಮುಂದೆ ನಡೆಸಿಕೊಂಡು ಹೋಗಿ, ಒಂದೊಂದರ ಕುದುರೆ ಎಣಿಸಿದ. ಆರ್ಡಿತ್ ಮೊಣಕಾಲೂರಿ ಕೂತು ಯಂತ್ರಗಳ ಹಿಂಭಾಗ ನೋಡುತ್ತ ಬಂದಳು. ಮುಚ್ಚಳ ತೆಗೆಸಿದಳು. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಇದೆಯೋ ಇಲ್ಲವೋ ಎಂದು ಬೆರಳಾಡಿಸಿದಳು. ಗಾಳಿ ಹೊರಡುವ ಕಡೆ ಅಂಗೈ ಇಟ್ಟು ಯಂತ್ರ ಓಡಿಸೆಂದಳು. ನಾಲ್ಕನೆಯ ಯಂತ್ರಕ್ಕೆ ಬರುವಷ್ಟರಲ್ಲಿ ಅಂಗಡಿಯ ಅರ್ಧ ಜನ ಅವಳನ್ನೇ ನೋಡುತ್ತಿದ್ದರು, ಮಾರ್ವಿನ್ ಮೊಳೆಗಳ ಡಬ್ಬಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಮೇಡಂ, ನಿಮಗೆ ಎಂಥದು ಬೇಕು ಹೇಳಿ, ನಾನೇ ತೋರಿಸ್ತೀನಿ" ಎಂದ ಮಾರಾಟಗಾರ.

"ಒಳಗೆ ಬಟ್ಟೆಯಂಥ ಚೀಲ ಇರಬೇಕು. ಅದರ ಮೇಲೆ ಸಣ್ಣ ಧೂಳು ಹಿಡಿಯೋ ಫಿಲ್ಟರ್ ಇರಬೇಕು. ಎಲ್ಲೂ ಸೋರಬಾರದು. ಕುದುರೆ ಬೇಡ."

ಅವಳು ಕೊನೆಗೆ ಆರಿಸಿದ್ದು ಮೂಲೆಯಲ್ಲಿದ್ದ ಬೂದುಬಣ್ಣದ ಗಿಡ್ಡ ಯಂತ್ರ. ನೋಡಿದರೆ ಯಾರೋ ಮರೆತುಹೋದ ಪೆಟ್ಟಿಗೆಯಂತಿತ್ತು, ಓಡಿದರೆ ಪಕ್ಕದಲ್ಲಿ ನಿಂತು ಮಾತಾಡಬಹುದಿತ್ತು. ಬೆಲೆ ಮಾತ್ರ ನಾಲ್ಕು ಪೀಪಾಯಿಗಳಷ್ಟು. ಮಾರ್ವಿನ್‌ನ ಮುಖ ಸಣ್ಣದಾಯಿತು, ಆದರೂ ಡಾಕ್ಟರ ಮಾತು ನೆನಪಿದ್ದುದರಿಂದ ಕಾರ್ಡು ತೆಗೆದ.

ಮನೆಗೆ ತಂದ ದಿನವೇ ಪರೀಕ್ಷೆಯಾಯಿತು. ಉಜ್ಜುಕಾಗದದ ಕೆಲಸದಿಂದ ಬಿದ್ದಿದ್ದ, ಮೈದಾದಂಥ ಧೂಳನ್ನು ನೆಲದ ಮೇಲೆ ಸುರಿದು, ನೆಲಮಾಳಿಗೆಯ ದೀಪ ಆರಿಸಿ, ಆರ್ಡಿತ್ ಟಾರ್ಚ್ ಹಿಡಿದಳು. ಮೊದಲು ಹಳೆಯ ಯಂತ್ರ ಓಡಿಸಿದರು. ಬೆಳಕಿನ ಕೋಲಿನಲ್ಲಿ ಹಿಂದಿನಿಂದ ಹೊಗೆಯಂತೆ ಧೂಳು ಎದ್ದಿತು. ಆಮೇಲೆ ಬೂದುಬಣ್ಣದ್ದನ್ನು ಓಡಿಸಿದರು. ಬೆಳಕಿನಲ್ಲಿ ಏನೂ ಇರಲಿಲ್ಲ. ಮಾರ್ವಿನ್ ಬಗ್ಗಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ಹೌದು ಕಣೇ" ಎಂದ. ಆರ್ಡಿತ್‌ಗೆ ಆದ ಸಂತೋಷ ಹೇಳತೀರದು. ಮುಂದಿನ ಗುರುವಾರ ಇದು ಬೇಕರಿಯಲ್ಲಿ ಲೋರೆನ್‌ನ ಕಿವಿಗೆ ಬೀಳುವಂತೆ ನೋಡಿಕೊಂಡಳು.

ಅವಳು ಹೇಳಿದ ಹಾಗೆ ಮಾರ್ವಿನ್ ಕೇಳಿದ. ಗರಗಸಕ್ಕೆ ಯಂತ್ರದ ಕೊಳವೆ ಸಿಕ್ಕಿಸದೆ ಒಂದು ಹಲಗೆ ಕೊಯ್ಯುತ್ತಿರಲಿಲ್ಲ. ಸಂಜೆ ಬೆಂಚು, ಕಪಾಟು, ನೆಲ ಎಲ್ಲಕ್ಕೂ ಯಂತ್ರ ಹಿಡಿಯುತ್ತಿದ್ದ. ಒಂದು ವಾರವಾಯಿತು, ಎರಡಾಯಿತು. ಕೆಮ್ಮು ಮಾತ್ರ ಹೋಗಲಿಲ್ಲ. ನವೆಂಬರ್ ಬಂದು ಮನೆ ಬಿಸಿಮಾಡುವ ಯಂತ್ರ ಶುರುವಾದ ಮೇಲೆ ಮತ್ತಷ್ಟು ಜೋರಾಯಿತು. ಸಂಜೆ ಊಟಕ್ಕೆ ಕೂತರೆ ಬಟಾಣಿ ಸಾರಿನ ಬಟ್ಟಲಿನ ಮೇಲೆ ಬಗ್ಗಿ ಕೆಮ್ಮಿ ಕೆಮ್ಮಿ ಕಣ್ಣೀರು ಬರುತ್ತಿತ್ತು.

ಲೋರೆನ್ ತನ್ನ ಹೆಂಡತಿಯ ಕೈಯಲ್ಲಿ ಮಾತು ಕಳಿಸಿದ. ಅಷ್ಟೊಂದು ಸುರಿದು ಪೆಟ್ಟಿಗೆ ತಂದವರು ಈಗೇನಂತಾರೆ ಎಂದು ಕೇಳಿದ್ದನಂತೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಇಷ್ಟು ದಿನ ಬೇರೆಯವರಿಗೆ ಅಂದವಳು ಆರ್ಡಿತ್, ಈಗ ಅದು ಅವಳ ಮೇಲೇ ಬಿತ್ತು. ಅವಳಿಗೆ ಹೆದರಿಕೆಯಾಗಿತ್ತು. ಡಾಕ್ಟರು ಹೇಳಿದ ಕಲೆ ಆಗಲೇ ಕಟ್ಟಿಬಿಟ್ಟಿದೆಯೇನೋ, ಇನ್ನು ಯಾವ ಯಂತ್ರ ತಂದರೂ ಅಷ್ಟೇ ಏನೋ ಎಂದು ಪಾತ್ರೆ ತೊಳೆಯುವಾಗ ಕೈ ನಿಲ್ಲುತ್ತಿತ್ತು. ಉಳಿದದ್ದು ಒಂದೇ ದಾರಿ, ಗರಗಸ ನಿಲ್ಲಿಸುವುದು. ಊರಿನ ಮಕ್ಕಳ ಹೆಸರು ಕೊರೆಯುವುದು ಬಿಟ್ಟರೆ ಆ ಮನುಷ್ಯನಿಗೆ ಈ ವಯಸ್ಸಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಹೇಳಬೇಕಾದವಳು ತಾನೇ ಎಂಬುದೂ ಗೊತ್ತಿತ್ತು.

ಥ್ಯಾಂಕ್ಸ್‌ಗಿವಿಂಗ್ ವಾರದ ಸೋಮವಾರ ಅವಳು ಒಲೆ ಆರಿಸಿ, ಐದು ಗಂಟೆಗೆ ಮೊದಲೇ ಹೇಳಿಬಿಡಬೇಕೆಂದು ನೆಲಮಾಳಿಗೆಗೆ ಇಳಿದಳು. ಆ ಹೊತ್ತಿನಲ್ಲಿ ಅವಳು ಎಂದೂ ಕೆಳಗೆ ಬಂದವಳಲ್ಲ. ಐದಕ್ಕೆ ಸರಿಯಾಗಿ ಊಟ ಮೇಜಿನ ಮೇಲಿರಬೇಕು, ಅದಕ್ಕೆ ಕಾಲು ಗಂಟೆ ಮುಂಚೆ ಅಡುಗೆಯವಳು ಕೆಳಗೆ ಬಂದು ಏನು ಮಾಡುತ್ತಾಳೆ? ಮೆಟ್ಟಿಲ ಮೇಲೆ ಸದ್ದಿಲ್ಲದೆ ಕೂತಳು. ಮಾರ್ವಿನ್ ಅವಳಿಗೆ ಬೆನ್ನು ಮಾಡಿ ಗುಡಿಸುವ ಕೆಲಸದಲ್ಲಿದ್ದ. ಬೂದುಬಣ್ಣದ ಯಂತ್ರವನ್ನು ಹಿಂದೆ ಎಳೆದುಕೊಂಡು ಗರಗಸದ ಕೆಳಗೆ, ಬೆಂಚಿನ ಸಂದಿಗೆ, ಮೂಲೆಮೂಲೆಗೆ ಕೊಳವೆ ಹಿಡಿದ. ಇಷ್ಟು ಚೆನ್ನಾಗಿ ತಾನೂ ಮಾಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಯಂತ್ರ ಆರಿಸಿ, ಕೊಳವೆ ಸುತ್ತಿಟ್ಟು, ಮೆಟ್ಟಿಲ ಬುಡಕ್ಕೆ ಬಂದ.

ಅಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇತ್ತು. ಅವನು ಅದರ ಪಿಚಕಾರಿ ತೆಗೆದುಕೊಂಡು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ತನ್ನ ಮೈಮೇಲೆ ಬಿಟ್ಟುಕೊಂಡ. ಬುಸ್ಸೆಂದು ಎರಡು ತೋಳು, ಕತ್ತು, ಎದೆ, ಪ್ಯಾಂಟಿನ ಮಡಿಕೆ. ಟೋಪಿ ತೆಗೆದು ಅದಕ್ಕೂ ಬಿಟ್ಟ. ನೆಲಮಟ್ಟದ ಪುಟ್ಟ ಕಿಟಕಿಯಿಂದ ಓರೆ ಬಿಸಿಲು ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಇಡೀ ದಿನದ ಧೂಳು ಮನುಷ್ಯನಿಂದ ಎದ್ದು ಮೋಡವಾಯಿತು. ಮೋಡ ಅಲ್ಲೇ ನಿಲ್ಲಲಿಲ್ಲ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ, ಮನೆಯ ಗಾಳಿಯನ್ನು ಎಳೆದು ಬಿಸಿಮಾಡಿ ಮೇಲಿನ ಕೋಣೆಗಳಿಗೆ ಕಳಿಸುವ ಯಂತ್ರದ ಜಾಲರಿಯಿತ್ತು. ಯಂತ್ರ ಓಡುತ್ತಿತ್ತು. ಧೂಳು ಸಾಲುಗಟ್ಟಿ ಆ ಜಾಲರಿಯೊಳಗೆ ಹೋಯಿತು, ಅಲ್ಲಿಂದ ಊಟದ ಮೇಜಿನ ಕೆಳಗೆ, ಅವಳ ಕುರ್ಚಿಯ ಕೆಳಗೆ ಇದ್ದ ಕಂಡಿಗೆ.

ಆರ್ಡಿತ್ ಕೆಮ್ಮಿದಳು. ಮಾರ್ವಿನ್ ಕಣ್ಣು ಬಿಟ್ಟ.

ಅವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಇಂಥ ಪೆದ್ದನನ್ನು ದೇವರು ಒಬ್ಬನನ್ನೇ ಮಾಡಿದ, ಅವನನ್ನೂ ನನಗೇ ಕೊಟ್ಟ ಎಂದು ಶುರುವಾಗುವ ಮಾತು, ನಲವತ್ತು ವರ್ಷದಲ್ಲಿ ಆಡಿದ್ದಕ್ಕಿಂತ ಹರಿತವಾದದ್ದು. ಅಷ್ಟರಲ್ಲಿ ಅವನು ತೋಳು ಚಾಚಿ ತೋರಿಸಿ ನಕ್ಕ.

"ನೋಡು, ಒಂದು ಚೂರು ಮರದ ಹೊಟ್ಟಿಲ್ಲ. ಮೇಲೆ ಬರೋ ಮುಂಚೆ ದಿನಾ ಮಾಡ್ತೀನಿ. ನೀನೇ ಹೇಳಿದ್ದಲ್ವಾ?"

"ನಾನಾ?"

"ಮದುವೆಯಾದ ಮೊದಲನೇ ವಾರ. ಆ ಬಾಡಿಗೆ ಮನೇಲಿ. ಕಾರ್ಖಾನೆ ಹೊಟ್ಟು ಮೈಮೇಲಿಟ್ಕೊಂಡು ನನ್ನ ಬಾಗಿಲು ದಾಟಬೇಡ ಅಂದೆ. ಅವತ್ತಿಂದ ಊದ್ಕೊಳ್ದೆ ಮನೆಗೆ ಬಂದೇ ಇಲ್ಲ."

ಹೌದು, ಅಂದಿದ್ದಳು. ಅಂದದ್ದಷ್ಟೇ ಅಲ್ಲ. ಊರಿನ ಗಂಡಸರೆಲ್ಲ ಹೊಟ್ಟು ಉದುರಿಸುತ್ತ ಮನೆಗೆ ಬರುತ್ತಿದ್ದ ಕಾಲದಲ್ಲಿ ತನ್ನವನು ಬಿಳಿ ಹಾಸಿಗೆಯ ಮೇಲೆ ಕೂರಿಸಬಹುದಾದಷ್ಟು ಶುಭ್ರವಾಗಿ ಬರುತ್ತಾನೆಂದು ತಂಗಿಯರ ಎದುರು ಮೆರೆದಿದ್ದಳು. ಅವನು ನಿವೃತ್ತನಾದ ಮೇಲೆ ದಿನವೂ ಸಂಜೆ ಕೆಳಗಿನಿಂದ ಆ ಬುಸ್ಸೆನ್ನುವ ಸದ್ದು ಕೇಳುತ್ತಿತ್ತು. ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು, ತಟ್ಟೆ ಇಡಲು ಶುರುಮಾಡುತ್ತಿದ್ದಳು. ಅಂಗಡಿಯಲ್ಲಿ ಎಲ್ಲ ಯಂತ್ರಗಳ ಹಿಂಭಾಗಕ್ಕೂ ಅಂಗೈ ಹಿಡಿದು ನೋಡಿದವಳು, ಐದು ವಾರ ಈ ಸದ್ದು ಕೇಳಿಯೂ ಅದು ಏನೆಂದು ಯೋಚಿಸಿರಲಿಲ್ಲ. ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಅದು ಯಾರಿಗೆ ಸಲ್ಲಬೇಕೆಂದು ಈಗ ಅವಳಿಗೆ ತಿಳಿಯಲಿಲ್ಲ.

ಎದ್ದು ಬಂದು ಅವನ ಕೈಯಿಂದ ಪಿಚಕಾರಿ ತೆಗೆದುಕೊಂಡಳು. ಬಿಸಿಲಿನಲ್ಲಿ ಇನ್ನೂ ತೇಲುತ್ತಿದ್ದುದನ್ನೂ ಜಾಲರಿಯನ್ನೂ ಬೆರಳು ಮಾಡಿ ತೋರಿಸಿದಳು. ಅವನು ನೋಡಿದ. ಅವನ ಮುಖದಲ್ಲಿದ್ದ ನಗು ಇಳಿದುಹೋದ ರೀತಿಯನ್ನು ಅವಳು ನೋಡಲಾರದೆ, ಬೂದುಬಣ್ಣದ ಯಂತ್ರ ಎಳೆದುಕೊಂಡು ಬಂದು ಗುಂಡಿ ಒತ್ತಿದಳು.

"ಕೈ ಮೇಲೆತ್ತು" ಎಂದಳು.

ಅರವತ್ತಾರು ವರ್ಷದ ಮನುಷ್ಯ ಎರಡೂ ಕೈ ಎತ್ತಿ ನಿಂತ. ಅವಳು ಸೋಫಾಕ್ಕೆ ಹಿಡಿಯುವಂತೆ ಎದೆಗೆ, ಬೆನ್ನಿಗೆ, ಕಂಕುಳಿಗೆ ಕೊಳವೆ ಹಿಡಿದಳು. ತಿರುಗು ಅಂದರೆ ತಿರುಗಿದ. ಅಂದು ಊಟ ಐದೂಕಾಲಿಗೆ ಆಯಿತು, ಅವರ ಮನೆಯಲ್ಲಿ ಅದು ಹಿಂದೆಂದೂ ಆಗಿರಲಿಲ್ಲ. ಆಮೇಲೆ ಮಾರ್ವಿನ್ ಜಾಲರಿಗೆ ಹಲಗೆ ಬಡಿದು ಮುಚ್ಚಿದ, ಮೇಲಿನ ಕಂಡಿಗಳನ್ನೆಲ್ಲ ಬಿಚ್ಚಿ ತೊಳೆದ.

ಬುಧವಾರದ ಅಭ್ಯಾಸಕ್ಕೆ ಕೆಮ್ಮು ಹೋಗಿರಲಿಲ್ಲ. ಎಂಟು ಸಾಲು ವಿಲ್ಮಾಳಿಗೆ ಹೋಯಿತು. ಕೆಮ್ಮು ಹೋದದ್ದು ಡಿಸೆಂಬರಿನ ಮೊದಲ ವಾರ ಕಳೆದ ಮೇಲೆ, ನಾಲ್ಕು ದಿನದಲ್ಲಿ, ಬಂದೇ ಇರಲಿಲ್ಲವೆಂಬಂತೆ. ಆ ಎರಡನೆಯ ಭಾನುವಾರ ಸಂಜೆ, ಅಭ್ಯಾಸ ತಪ್ಪಿದ್ದರಿಂದ ಗುಂಪಿನೊಂದಿಗೆ ನಿಲ್ಲದ ಆರ್ಡಿತ್ ಬೆಂಚಿನಲ್ಲಿ ಗಂಡನ ಪಕ್ಕ ಕೂತು ವಿಲ್ಮಾ ಹಾಡುವುದನ್ನು ಕೇಳಿದಳು. ಒಂದೂವರೆ ಗಂಟೆ ಒಂದು ಸಲವೂ ಕೆಮ್ಮಲಿಲ್ಲ. ವಿಲ್ಮಾ ಚೆನ್ನಾಗಿಯೇ ಹಾಡಿದಳು, ಅದು ಇನ್ನಷ್ಟು ನೋಯಿಸಿತು. ಎಂಟನೆಯ ಸಾಲು ಮುಗಿದಾಗ ಆರ್ಡಿತ್‌ಳ ಕಣ್ಣು ತುಂಬಿತ್ತು.

ಆಮೇಲೆ ಚರ್ಚಿನ ಕೆಳಗಿನ ಸಭಾಂಗಣದಲ್ಲಿ ಕಾಫಿ, ಬಾದಾಮಿ ಹೂರಣದ ಸಿಹಿ. ಲೋರೆನ್ ಬೇಕರಿಯ ಪಟಾಲಂ ಕಟ್ಟಿಕೊಂಡು ಬಂದು, ಕೆಮ್ಮು ಹೋದದ್ದು ಒಳ್ಳೆಯದಾಯಿತು, ಅಷ್ಟು ದುಬಾರಿ ಪೆಟ್ಟಿಗೆ ಐದು ವಾರ ಮಲಗಿತ್ತೇನು ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಮಾರ್ವಿನ್ ಬಟ್ಟಲು ಕೆಳಗಿಟ್ಟ.

"ಮೆಷಿನ್ನಿನ ತಪ್ಪೇನಿಲ್ಲ. ನಾನು ದಿನಾ ಸಂಜೆ ಮೈಗೆ ಗಾಳಿ ಊದ್ಕೋತಿದ್ದೆ, ಕಾರ್ಖಾನೇಲಿ ಮಾಡ್ತಿದ್ನಲ್ಲ, ಹಾಗೆ. ಅದೆಲ್ಲ ನೆಟ್ಟಗೆ ಇವಳ ಕುರ್ಚಿ ಕೆಳಗೆ ಹೋಗ್ತಿತ್ತು. ನನಗೆ ಹೊಳೀಲೇ ಇಲ್ಲ."

ಗಂಡಸರು ಬಿದ್ದು ಬಿದ್ದು ನಕ್ಕರು. ಒಬ್ಬ ಅವನ ಬೆನ್ನಿಗೆ ಗುದ್ದಿದ. ಹೆಂಡತಿಯ ಹಾಡು ನಿಲ್ಲಿಸಲು ಇಷ್ಟು ಸುಲಭದ ದಾರಿಯಿದೆ ಅಂತ ಮೊದಲೇ ಹೇಳಬಾರದಿತ್ತಾ ಎಂದ ಲೋರೆನ್. ಮಾರ್ವಿನ್ ತಲೆ ತಗ್ಗಿಸಿ ನಗುತ್ತ ನಿಂತಿದ್ದ. ಬಾಡಿಗೆ ಮನೆಯ ಮಾತನ್ನು ಅವನು ಎತ್ತಲಿಲ್ಲ, ಎತ್ತುವವನೂ ಅಲ್ಲ. ಅವಳು ಸುಮ್ಮನಿದ್ದಿದ್ದರೆ ಆ ಪೆದ್ದನ ಪಟ್ಟ ಸಾಯುವತನಕ ಅವನ ತಲೆಯ ಮೇಲೇ ಇರುತ್ತಿತ್ತು, ಅವನು ಅದನ್ನು ಹೊತ್ತುಕೊಂಡೇ ಮಕ್ಕಳಿಗೆ ಮಣೆ ಮಾಡುತ್ತಿದ್ದ.

"ಊದ್ಕೋ ಅಂತ ಹೇಳಿದವಳು ನಾನು" ಎಂದಳು ಆರ್ಡಿತ್. "ನಲವತ್ತೊಂದು ವರ್ಷದ ಹಿಂದೆ. ಇವನು ಕೇಳಿದ, ಅಷ್ಟೇ."

ನಗು ನಿಂತಿತು. ಆರ್ಡಿತ್ ಡೈಕ್‌ಹೌಸ್ ತಪ್ಪು ಒಪ್ಪಿಕೊಂಡದ್ದನ್ನು ಆ ಸಭಾಂಗಣದಲ್ಲಿ ಯಾರೂ ಕಂಡಿರಲಿಲ್ಲ. ಮಾರ್ವಿನ್ ಕಾಲಬುಡ ನೋಡುತ್ತಿದ್ದ. ಅವಳು ಅವನ ತೋಳು ಹಿಡಿದು, ಕೋಟು ಹಾಕಿಕೋ, ಮನೆಗೆ ಹೋಗೋಣ ಎಂದಳು.